ಮಗಳಿಗೆ ನಾನು ಕೇಳಿದ ರಿಯಾಯಿತಿ

ಸರಕನ್ನು ಹಳಿಯದೆ ಬೆಲೆ ಇಳಿಯುವುದಿಲ್ಲ. ಇದು ನಾನು ಎಲ್ಲರಿಗೂ ಪುಕ್ಕಟೆ ಹೇಳುವ ಮಾತಲ್ಲ. ನೀವು ಓದುಗರು ಎಂದು ಹೇಳುತ್ತಿದ್ದೇನೆ. ತಿಕೋಟಾ ಕಡೆಯ ತೋಟಗಳಿಂದ ಒಣದ್ರಾಕ್ಷಿ ಕೊಂಡು ಸೊಲ್ಲಾಪುರ ರಸ್ತೆಯ ಅಂಗಡಿಯಲ್ಲಿ ಮಾರುವವಳು ನಾನು. ಜೇನಿನಂಥ ದ್ರಾಕ್ಷಿ ಬಾಯಲ್ಲಿ ಕರಗುತ್ತಿದ್ದರೂ "ಕಾಕಾ, ಬಣ್ಣ ಕಪ್ಪ ಆಗೇತಲ್ರಿ, ಕಾಳೂ ಸಣ್ಣ ಅದಾವ" ಎಂದು ಮುಖ ಸಿಂಡರಿಸಲು ಎಳ್ಳಷ್ಟೂ ನಾಚುವುದಿಲ್ಲ. ಗಂಡನಿಂದ ಬೇರೆಯಾಗಿ, ಕೂಸು ಅಂಬಿಕಾಳನ್ನು ಎತ್ತಿಕೊಂಡು ಬಬಲೇಶ್ವರದಿಂದ ಬಂದವಳಿಗೆ ರೊಟ್ಟಿ ಕೊಟ್ಟದ್ದು ಈ ವಿದ್ಯೆಯೇ.

ತಪ್ಪಾದದ್ದು, ಅದನ್ನು ಮಗಳ ಶಾಲೆಗೂ ಒಯ್ದದ್ದು. ಇಬ್ರಾಹಿಂಪುರದ ನಮ್ಮ ಮನೆಯಲ್ಲಿ ಇರುವವರು ಇಬ್ಬರೇ. ಹೋಂವರ್ಕ್ ಆಗಿಲ್ಲವೇ? "ಅಪ್ಪ ಇದ್ದೂ ಇಲ್ಲದ ಕೂಸ್ರಿ ಅಕ್ಕೋರ, ಪಾಪ, ಏನೂ ಬರೂದಿಲ್ಲ, ಸಂಭಾಳಿಸ್ಕೋರಿ" ಎಂದು ಟೀಚರ್ ಮುಂದೆ ಸೆರಗು ಕಣ್ಣಿಗೆ ಒತ್ತುತ್ತಿದ್ದೆ. ಗಣಿತದಲ್ಲಿ ಹಿಂದೆಯೇ? ಅದೇ ಮಾತು, ಅದೇ ಸೆರಗು. ಅಂಬಿಕಾ ಪಕ್ಕದಲ್ಲೇ ನಿಂತಿರುತ್ತಿದ್ದಳು. ಅಕ್ಕೋರು ಮೆತ್ತನೆ ಮನಸ್ಸಿನವರು. ಎಲ್ಲರಿಗೂ ಹತ್ತು ಲೆಕ್ಕ ಕೊಟ್ಟರೆ ಇವಳಿಗೆ ನಾಲ್ಕೇ ಕೊಟ್ಟರು. ವ್ಯಾಪಾರ ಕುದುರಿತು ಎಂದು ನಾನು ಬೀಗಿದೆ.

ಐದನೆಯ ತರಗತಿಯಲ್ಲಿ ತಮ್ಮ ಬಗ್ಗೆ ಪ್ರಬಂಧ ಬರೆಯಲು ಹೇಳಿದರು. ಅಂಬಿಕಾ ಬರೆದದ್ದು ಎರಡೇ ಸಾಲು: "ನಾನು ಪಾಪದ ಹುಡುಗಿ. ನನಗೆ ಏನೂ ಸರಿಯಾಗಿ ಬರುವುದಿಲ್ಲ."

"ಹಿಂಗ್ಯಾಕ ಬರದೀಬೇ?"

"ನೀನ ಹೇಳ್ತಿಯಲ್ಲಾ ಯವ್ವಾ, ಅಕ್ಕೋರ ಮುಂದ."

ಎದುರು ಮನೆಯಲ್ಲಿ ಹನ್ನೊಂದು ಮಂದಿ. ಅಲ್ಲಿಯ ಹುಡುಗ ಮಗ್ಗಿ ತಪ್ಪಿದರೆ ಅಜ್ಜನಿಂದ ಹಿಡಿದು ಚಿಕ್ಕಮ್ಮನವರೆಗೆ ಎಲ್ಲರೂ "ಬರ್ತೈತಿ ನಿನಗ, ಮೈಗಳ್ಳ!" ಎಂದು ಬೈಯುತ್ತಾರೆ. ನನ್ನ ಮಗಳಿಗೆ ಅಂಥ ಬೈಗುಳ ಒಂದೂ ಸಿಕ್ಕಿರಲಿಲ್ಲ. ನೀವು ಕೇಳದಿದ್ದರೂ ಹೇಳುತ್ತೇನೆ: ಮನೆ ಚಿಕ್ಕದಿದ್ದರೆ ಹನ್ನೊಂದು ಮಂದಿಯ ಪಾಲಿನದನ್ನೂ ನೀವೊಬ್ಬರೇ ಬೈಯಬೇಕು.

ಮರುದಿನ ಶಾಲೆಗೆ ಹೋದೆ. "ಅಕ್ಕೋರ, ಇನ್ನ ಮ್ಯಾಲ ಹತ್ತೂ ಲೆಕ್ಕ ಕೊಡ್ರಿ. ಮಾಡದಿದ್ರ ಬೈರಿ. ಹುಡುಗಿ... ಶಾಣ್ಯಾಕಿ ಅದಾಳ್ರಿ." ಹೊಗಳಿ ಅಭ್ಯಾಸವಿಲ್ಲದ ನಾಲಿಗೆ ತಡವರಿಸಿತು.

ಅಕ್ಕೋರು ನಕ್ಕರು. "ಅದನ್ನ ಆಕಿಗೆ ಹೇಳೀರೇನ್ರಿ?"

ಹೇಳಿರಲಿಲ್ಲ. ಅಂದು ಸಂಜೆ ಹೇಳಿದೆ. ನಂಬಲಿಲ್ಲ, ನನ್ನ ಮಾತನ್ನು ಯಾವ ಗಿರಾಕಿ ತಾನೇ ಒಮ್ಮೆಗೇ ನಂಬುತ್ತಾನೆ? ವಾರದ ನಂತರ ಶಾಲೆಯಿಂದ ಬಂದವಳೇ ಚೀಲ ಎಸೆದಳು. "ಇವತ್ತ ಅಕ್ಕೋರು ಬೈದ್ರು. ಎಲ್ಲಾರಿಗೂ ಬೈದಂಗ ಬೈದ್ರು!" ಮುಖದಲ್ಲಿ ಸಿಟ್ಟಿತ್ತು, ಕತ್ತು ಮಾತ್ರ ನೆಟ್ಟಗಿತ್ತು. ಕೂತು ಹತ್ತೂ ಲೆಕ್ಕ ಮಾಡಿ ಎದ್ದಳು. ಮೂರು ತಪ್ಪು.

ಪರೀಕ್ಷೆಯಲ್ಲಿ ಗಣಿತಕ್ಕೆ ಇಪ್ಪತ್ತರಲ್ಲಿ ಹದಿಮೂರು ಬಂತು. ಶಾಲೆಯಲ್ಲಿ ಅಕ್ಕೋರು ಉತ್ತರ ಪತ್ರಿಕೆ ತೋರಿಸಿದೊಡನೆ ನನ್ನ ಬಾಯಿ ತಾನಾಗಿ ತೆರೆಯಿತು. "ಅಕ್ಕೋರ, ಹದಿನೈದ ಮಾಡಬಾರದೇನ್ರಿ..."

ಅಂಬಿಕಾ ಸೆರಗು ಜಗ್ಗಿದಳು. "ಸುಮ್ನಿರಬೇ ಯವ್ವಾ. ಹದಿಮೂರ ನಾ ತಗೊಂಡೇನಿ."

ಮೊದಲು ಹೇಳಿದ ಅಂಕಿಗೇ ನಾನು ಬಾಯಿ ಮುಚ್ಚಿ ಒಪ್ಪಿಕೊಂಡದ್ದು ಜೀವಮಾನದಲ್ಲಿ ಅದೊಂದೇ ಸಲ.