ಮ್ಯಾಲಿನವರಿಗೆ ಇನ್ನೂರು ರೊಟ್ಟಿ

ಹುಬ್ಬಳ್ಳಿಯ ರಾಜಕೀಯವನ್ನು ಜನ ಪೇಪರಿನಲ್ಲಿ ಓದುತ್ತಾರೆ, ಟಿವಿಯಲ್ಲಿ ನೋಡುತ್ತಾರೆ. ನಾನು ರೊಟ್ಟಿಯ ಹಂಚಿನ ಮುಂದೆ ನಿಂತು ನೋಡಿದ್ದೇನೆ. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ ಅಷ್ಟೇ. ಆದರೆ ಊರಿನ ದೊಡ್ಡ ಸಾಹುಕಾರರ ಅಡುಗೆಮನೆಯಲ್ಲಿ ಎರಡು ವರ್ಷ ರೊಟ್ಟಿ ಬಡಿದವಳಿಗೆ ಮುಂದಿನ ಪಾಠ ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿ ವಾರಕ್ಕೊಂದಾದರೂ ತಮಾಷೆ ನಡೆಯುತ್ತಿತ್ತು. ನಗು ತಡೆದುಕೊಂಡು ರೊಟ್ಟಿ ಬಡಿಯುವುದೇ ಕಷ್ಟ. ಕೈ ಅಲುಗಿದರೆ ರೊಟ್ಟಿ ಹರಿಯುತ್ತದೆ.

ಚಪ್ಪಲಿ ಕಾಯುವವರು

ನಮ್ಮ ಓಣಿಗೆ ನೀರಿನ ಪೈಪು ಇರಲಿಲ್ಲ. ದೊಡ್ಡ ರಸ್ತೆಯವರೆಗೆ ಬಂದ ಪೈಪು ಓಣಿಯ ಬಾಯಲ್ಲೇ ನಿಂತುಬಿಟ್ಟಿತ್ತು. ಅಲ್ಲಿ ಒಂದೇ ನಳ, ಅದೂ ಎಂಟು ದಿನಕ್ಕೊಮ್ಮೆ. ಆ ದಿನ ನಮ್ಮ ಅತ್ತಿ ನಸುಕಿನಲ್ಲೇ ಹೋಗಿ ಕೊಡ ಇಟ್ಟು ಪಕ್ಕದಲ್ಲಿ ಕೂತುಬಿಡುತ್ತಿದ್ದರು. ಅವರ ಕೊಡದ ಮುಂದೆ ತನ್ನ ಕೊಡ ಇಡುವ ಧೈರ್ಯ ಓಣಿಯಲ್ಲಿ ಯಾರಿಗೂ ಇಲ್ಲ.

ಪೈಪಿಗಾಗಿ ನಾವು ಹೆಂಗಸರು ಕಾರ್ಪೊರೇಟರ್ ಮನೆಗೆ ಆರು ಸಲ ಹೋದೆವು. ಆರು ಸಲವೂ ಅವರು ಎದೆಯ ಮೇಲೆ ಕೈಯಿಟ್ಟು ಅದನ್ನೇ ಹೇಳಿದರು: "ನಿಮ್ಮ ಕೆಲಸ ಅಂದ್ರ ನನ್ನ ಕೆಲಸ. ಆದ್ರ ಮ್ಯಾಲಿನವರನ್ನ ಒಂದ್ ಮಾತ್ ಕೇಳಬೇಕ್ರಿ." ಮ್ಯಾಲಿನವರೆಂದರೆ ಬೆಂಗಳೂರಿನ ಮಂತ್ರಿ ಇರಬೇಕೆಂದು ನಾನು ತಿಳಿದಿದ್ದೆ. ಅತ್ತಿ ದೇವರೆಂದು ತಿಳಿದಿದ್ದರು.

ಆಮೇಲೆ ನನಗೆ ಸಾಹುಕಾರರ ಮನೆಯ ಕೆಲಸ ಸಿಕ್ಕಿತು. ಅವರಿಗೆ ಗುಡ್ಡದ ಮೇಲೆ ಮನೆ, ಎರಡು ಮಿಲ್ಲು, ಸಾಲು ಗೋದಾಮು, ಊರ ಹೊರಗಿನ ಲೇಔಟುಗಳಲ್ಲಿ ಅರ್ಧ. ಮೊದಲನೇ ವಾರವೇ ಒಂದು ಮಧ್ಯಾಹ್ನ ಮುಸುರೆ ಚೆಲ್ಲಲು ಹೊರಗೆ ಬಂದೆ. ಚಪ್ಪಲಿ ಬಿಡುವ ಜಾಗದಲ್ಲಿ ನಮ್ಮ ಕಾರ್ಪೊರೇಟರ್ ಕೈಕಟ್ಟಿ ನಿಂತಿದ್ದರು. ಇಲ್ಲೇನು ಕೆಲಸವೆಂದು ಕೇಳಿದೆ.

"ಅದ ಯವ್ವಾ, ಮ್ಯಾಲಿನವರನ್ನ..." ಎಂದವರು ಉಳಿದದ್ದನ್ನು ನುಂಗಿದರು.

"ಕೇಳ್ರಿ ಅಣ್ಣಾರ, ಕೇಳ್ರಿ. ಮ್ಯಾಲಿನವರು ಉಣ್ಣಾಕ ಕುಂತಾರ. ನಾ ಲಗೂ ಲಗೂ ರೊಟ್ಟಿ ಬಡೀತೇನಿ, ನಿಮ್ಮ ಪಾಳಿ ಲಗೂ ಬರ್ತೈತಿ."

ಹಿಟ್ಟಿನ ಡಬ್ಬಿ

ಆ ಮನೆಗೆ ಎರಡು ಬಾಗಿಲು. ಚುನಾವಣೆಯಲ್ಲಿ ಗೆದ್ದವರು ಮುಂದಿನ ಬಾಗಿಲಿನಿಂದ ಬರಬೇಕು, ಸೋತವರು ಅಡುಗೆಮನೆಯ ಬಾಗಿಲಿನಿಂದ. ಇಬ್ಬರಿಗೂ ಖರ್ಚಿಗೆ ಕೊಡುವವರು ಒಬ್ಬರೇ ಆದ್ದರಿಂದ, ಅವರು ಎದುರುಬದುರಾಗದಂತೆ ನೋಡಿಕೊಳ್ಳುವುದು ಸಾಹುಕಾರ್ತಿಯವರ ಕೆಲಸ.

ಒಂದು ದಿನ ಲೆಕ್ಕ ತಪ್ಪಿತು. ಕಾರ್ಪೊರೇಟರ್ ಒಳಗೆ ಊಟಕ್ಕೆ ಕೂತಿದ್ದಾರೆ, ಹೋದ ಸಲ ಅವರೆದುರು ಸೋತವರು ಹಿತ್ತಲಿಂದ ಬಂದೇಬಿಟ್ಟರು. ಸಾಹುಕಾರ್ತಿ ಅವರನ್ನು ಅಡುಗೆಮನೆಯಲ್ಲಿ ಬಿಟ್ಟು, ಸಪ್ಪಳ ಮಾಡಬೇಡಿರೆಂದು ಹೇಳಿ ಬಾಗಿಲು ಮುಂದೆ ಮಾಡಿಕೊಂಡು ಹೋದರು. ಅಲ್ಲಿ ಕುರ್ಚಿ ಎಲ್ಲಿಂದ ಬರಬೇಕು? ಜೋಳದ ಹಿಟ್ಟಿನ ಡಬ್ಬಿಯ ಮೇಲೆ ಕೂತರು. ಇಡೀ ವಾರ್ಡಿನ ಸೀಟಿಗೆ ನಿಂತಿದ್ದ ಮನುಷ್ಯ.

ಮೂರು ವರ್ಷದ ನನ್ನ ಮಗಳು ನನ್ನ ಜೊತೆಗೇ ಇರುತ್ತಿದ್ದಳು. ಅವಳು ತನ್ನ ಗೊಂಬೆಯನ್ನು ಅವರ ತೊಡೆಯ ಮೇಲೆ ಮಲಗಿಸಿ ತಟ್ಟಲು ಹೇಳಿದಳು. ಪಾಪ, ತಟ್ಟಿದರು. ಕಿಟಕಿಯ ಹೊರಗೆ ಸಾಹುಕಾರರ ಹುಲ್ಲಿನಂಗಳಕ್ಕೆ ಕಾರಂಜಿಯ ಹಾಗೆ ನೀರು ಬೀಳುತ್ತಿತ್ತು. ಸಿಕ್ಕ ಸಮಯ ಯಾಕೆ ಬಿಡಬೇಕೆಂದು ನಾನು ಪೈಪಿನ ಮಾತು ತೆಗೆದೆ. ಅವರು ಮೆಲ್ಲಗೆ, "ಮಾಡೂಣವಾ. ಮ್ಯಾಲಿನವರನ್ನ ಒಂದ್ ಮಾತ್..." ಎಂದರು.

"ಮ್ಯಾಲಿನವರು ಒಳಗ ಆ ಪಾರ್ಟಿಯವರ ಕೂಡ ಉಣ್ಣಾಕತ್ತಾರ್ರಿ. ಇನ್ನ ನಾಕ್ ರೊಟ್ಟಿ ಕೇಳ್ಯಾರ. ನೀವು ಏಳದ ನಾ ಹಿಟ್ಟು ತಗಿಯೂದು ಹೆಂಗ?"

ಎದ್ದರು. ನಾನು ಹಿಟ್ಟು ತೆಗೆದೆ. ಮತ್ತೆ ಕೂತರು. ವಿರೋಧ ಪಕ್ಷವೊಂದು ಆಳುವ ಪಕ್ಷದ ಊಟಕ್ಕೆ ಇಷ್ಟು ಸಹಕಾರ ಕೊಟ್ಟದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ರೊಟ್ಟಿಗೆ ಹೊದಿಸಿದ ಶಾಲು

ಸಾಹುಕಾರರಿಗೆ ಸನ್ಮಾನ ಜಾಸ್ತಿ. ಎಲ್ಲ ಪಕ್ಷದವರೂ ತಮ್ಮ ಬಣ್ಣದ ಶಾಲು ಹೊದಿಸಿ ಹೋಗುತ್ತಾರೆ. ಅವು ಕಪಾಟಿನಲ್ಲಿ ಹಿಡಿಸದೆ ಕೊನೆಗೆ ಅಡುಗೆಮನೆಗೆ ಬರುತ್ತವೆ. ಬಿಸಿ ರೊಟ್ಟಿ ಸುತ್ತಿಡಲು ಅದಕ್ಕಿಂತ ಛಲೋ ಅರಿವೆ ಇಲ್ಲ.

ಒಮ್ಮೆ ಗಡಿಬಿಡಿಯಲ್ಲಿ, ಸೋತವರ ಪಕ್ಷದ ಶಾಲಿನಲ್ಲಿ ರೊಟ್ಟಿ ಸುತ್ತಿ ಒಳಗೆ ಕಳಿಸಿಬಿಟ್ಟೆ. ಊಟಕ್ಕೆ ಕೂತವರು ನಮ್ಮ ಕಾರ್ಪೊರೇಟರ್. ಬುಟ್ಟಿಯ ಮುಚ್ಚಳ ತೆಗೆದರೆ ಎದುರಾಳಿಯ ಚಿಹ್ನೆ. ಅವರ ಕೈ ಅಲ್ಲೇ ನಿಂತಿತಂತೆ. ಸಾಹುಕಾರರು ಮಾತ್ರ ತಲೆ ಎತ್ತದೆ, "ರೊಟ್ಟಿ ಬಿಸಿ ಅದ. ತಿನ್ರಿ," ಎಂದರಂತೆ. ಕಾರ್ಪೊರೇಟರ್ ತಿಂದರು, ಒಂದಲ್ಲ, ಐದು.

ಸಾಹುಕಾರ್ತಿ ನನ್ನನ್ನು ಬೈಯುತ್ತಾರೆಂದು ಹೆದರಿಕೊಂಡೇ ಬುಟ್ಟಿ ತರಲು ಹೋದೆ. ಬುಟ್ಟಿ ಇತ್ತು, ಶಾಲು ಇರಲಿಲ್ಲ. ಹುಡುಕಿದೆವು. ಕೊನೆಗೆ ಡ್ರೈವರ್ ಹೇಳಿದ: ಕಾರ್ಪೊರೇಟರ್ ಹೋಗುವಾಗ ಅದನ್ನು ಅಚ್ಚುಕಟ್ಟಾಗಿ ಮಡಚಿ ತಮ್ಮ ಚೀಲದಲ್ಲಿ ಇಟ್ಟುಕೊಂಡರು. ಮುಂದೆ ಯಾವ ಹೊತ್ತಿಗೆ ಬೇಕಾಗುತ್ತದೋ ಯಾರಿಗೆ ಗೊತ್ತು.

ಹೊಸ್ತಿಲು

ವಾರ್ಡಿನ ಚುನಾವಣೆ ಹತ್ತಿರ ಬಂತು. ಸೋತವರು ಕೈಮುಗಿದುಕೊಂಡು ನಮ್ಮ ಓಣಿಗೆ ಬಂದು, ನಮ್ಮ ಮನೆಯ ಕಟ್ಟೆಯ ಮೇಲೆಯೇ ನಿಂತು ಭಾಷಣ ಮಾಡಿದರು. ತಾವು ಬಡವರ ಮಗನೆಂದರು, ಎದುರಿನವರು ಶ್ರೀಮಂತರ ಕೈಗೊಂಬೆ ಎಂದರು. ಕಡೆಗೆ ದನಿ ಏರಿಸಿ, "ನಾನು ಇವತ್ತಿನ ತನಕ ಒಬ್ಬ ಸಾಹುಕಾರನ ಹೊಸ್ತಿಲು ತುಳಿದಾಂವ ಅಲ್ಲ," ಎಂದರು.

ನನ್ನ ಸೊಂಟದ ಮೇಲಿದ್ದ ಮಗಳು ಖುಷಿಯಿಂದ ಕೈ ಚಾಚಿದಳು. "ಅವ್ವಾ, ಡಬ್ಬಿ ಕಾಕಾ! ನನ್ನ ಗೊಂಬಿ ಮಲಗಿಸಿದ್ನಲ್ಲ, ಆ ಕಾಕಾ!"

ಓಣಿಯವರೆಲ್ಲ ನನ್ನ ಮುಖ ನೋಡಿದರು. ಡಬ್ಬಿಯ ಕತೆಯನ್ನು ನಾನು ಮೊದಲೇ ಎಲ್ಲರಿಗೂ ಹೇಳಿದ್ದೆ. ನಗು ಎಷ್ಟು ಎದ್ದಿತೆಂದರೆ ಭಾಷಣ ಅಲ್ಲಿಗೇ ಮುಗಿಯಿತು. ಆದರೂ ಅನ್ಯಾಯದ ಮಾತು ಆಡಬಾರದು. ಆ ಮನುಷ್ಯ ಸುಳ್ಳು ಹೇಳಿರಲಿಲ್ಲ. ಸಾಹುಕಾರರ ಅಡುಗೆಮನೆಗೆ ಹೊಸ್ತಿಲೇ ಇಲ್ಲ, ಟೈಲ್ಸ್ ಹಾಕುವಾಗ ತೆಗೆಸಿದ್ದಾರೆ.

ಇನ್ನೂರು ರೊಟ್ಟಿ

ಟಿಕೆಟ್ ಹಂಚುವ ದೊಡ್ಡವರಿಗೆ ಸಾಹುಕಾರರು ಊಟ ಇಟ್ಟುಕೊಂಡರು. ಹನ್ನೆರಡಕ್ಕೆ ಗೆದ್ದವರ ಪಕ್ಷದ ಪಂಕ್ತಿ, ಅದು ಎದ್ದ ಮೇಲೆ ಸೋತವರ ಪಕ್ಷದ ಪಂಕ್ತಿ. ಇಬ್ಬರಿಗೂ ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ, ಬಿಸಿ ಜೋಳದ ರೊಟ್ಟಿ. ಒಟ್ಟು ಇನ್ನೂರು ರೊಟ್ಟಿ. ಅಷ್ಟು ಒಬ್ಬಳ ಕೈಲಾಗುವುದಲ್ಲ, ನಮ್ಮ ಓಣಿಯ ಹೆಂಗಸರು ತಂತಮ್ಮ ಮನೆಯಲ್ಲಿ ಒಲೆ ಹಚ್ಚಿ ಬಡಿಯಬೇಕು. ಸಾಹುಕಾರ್ತಿ ವಾರ ಮೊದಲೇ ಹೇಳಿದರು.

ಆಗುವುದಿಲ್ಲ ಎಂದೆ. ಯಾಕೆ ಎಂದರು.

"ಹಿಟ್ಟು ನಾದಾಕ ನೀರ್ ಬೇಕಲ್ರಿ ಅಕ್ಕಾರ. ನಮ್ಮ ಓಣ್ಯಾಗ ಪೈಪ್ ಇಲ್ಲ. ಪೈಪ್ ಬರೂ ತನಕ ರೊಟ್ಟಿ ಇಲ್ಲ."

ಕೆಲಸ ಹೋದರೆ ಹೋಗಲಿ ಎಂದುಕೊಂಡೇ ಹೇಳಿದ್ದೆ. ಸಾಹುಕಾರ್ತಿ ಸೀದಾ ಒಳಗೆ ಸಾಹುಕಾರರ ಹತ್ತಿರ ಹೋದರು. ಮರುದಿನ ಬೆಳಗ್ಗೆ ನಮ್ಮ ಓಣಿಯಲ್ಲಿ ಜೆಸಿಬಿ! ಆರು ಸಲ ಕೇಳಿದರೂ ಆಗದ ಕೆಲಸ ಆರು ದಿನದಲ್ಲಿ ಆಯಿತು. ಪೈಪು ಮಣ್ಣಿಗೆ ಬೀಳುವ ಮೊದಲೇ ಎರಡು ಬ್ಯಾನರ್ ಎದ್ದವು. ಒಂದರಲ್ಲಿ ಗೆದ್ದವರು ನೀರು ತಂದಿದ್ದರು, ಇನ್ನೊಂದರಲ್ಲಿ ಸೋತವರು ತಂದಿದ್ದರು.

ಊಟದ ದಿನ ಬೆಳಗ್ಗೆ ನಳದ ಪೂಜೆ. ಸಾಹುಕಾರರು ತಾವೇ ಬಂದರು. ಎಡಕ್ಕೆ ಕಾರ್ಪೊರೇಟರ್, ಬಲಕ್ಕೆ ಡಬ್ಬಿ ಕಾಕಾ. ಒಂದೇ ನಳಕ್ಕೆ ಎರಡು ಕಾಯಿ ಒಡೆದರು. ಸಾಹುಕಾರರು ನಳ ತಿರುವಿದರು. ಬುಸ್ ಎಂದು ಗಾಳಿ ಬಂತು, ನೀರಿಲ್ಲ.

ನೀರು ಬಿಡುವವನನ್ನು ಕರೆದರು. ಅವನು ತಲೆ ಕೆರೆದುಕೊಂಡು, "ಇಲ್ಲಿಗೆ ನೀರ್ ಬಿಡಬೇಕಂದ್ರ ಗುಡ್ಡದ ಕಡೆ ವಾಲ್ ಬಂದ್ ಮಾಡಬೇಕ್ರಿ. ಅದಕ್ಕ ಮ್ಯಾಲಿನವರನ್ನ ಕೇಳಬೇಕು," ಎಂದ.

ಸಾಹುಕಾರರು ಆ ಮಾತನ್ನು ಹುಟ್ಟಿದ ಮೇಲೆ ಮೊದಲ ಸಲ ಕೇಳಿದರೆಂದು ಕಾಣುತ್ತದೆ. "ಮ್ಯಾಲಿನವರಂದ್ರ ಯಾರೋ?"

"ನಿಮ್ಮ ಮನಿ ಅಕ್ಕಾರ್ರಿ. ಹುಲ್ಲಿಗೆ ನೀರು ಬಿಡೂ ಹೊತ್ತಿನ್ಯಾಗ ವಾಲ್ ಮುಟ್ಟಬ್ಯಾಡ ಅಂದಾರ."

ಸಾಹುಕಾರರು ಎಲ್ಲರೆದುರು ಹೆಂಡತಿಗೆ ಫೋನ್ ಹಚ್ಚಿದರು. ಸಾಹುಕಾರ್ತಿಯವರ ದನಿಗೆ ಸ್ಪೀಕರ್ ಬೇಕಾಗಿರಲಿಲ್ಲ. "ಹುಲ್ಲು ಒಣಗಿದ್ರ ಒಣಗ್ಲಿ ಬಿಡ್ರಿ. ರೊಟ್ಟಿ ಹನ್ನೆರಡಕ್ಕ ಬರ್ತಾವೋ ಇಲ್ಲೋ, ಮೊದ್ಲ ಆಕೀನ್ನ ಕೇಳ್ರಿ."

ನೀರು ಬಿಡುವವನು ಸೈಕಲ್ ಹತ್ತಿ ಹೋಗಿ ವಾಲ್ ತಿರುವಿದ. ಸ್ವಲ್ಪ ಹೊತ್ತಿಗೆ ನಳ ಕೆಮ್ಮಿತು, ಕೆಂಪು ನೀರು ಉಗುಳಿತು, ಆಮೇಲೆ ತಿಳಿನೀರು ಧೋ ಎಂದು ಬಂತು. ಸಾಹುಕಾರರು ಗಡಿಯಾರ ನೋಡಿ ನನ್ನ ಕಡೆ ತಿರುಗಿದರು. ಅವರ ಹಿಂದೆ ಎರಡೂ ಪಕ್ಷಗಳು ತಿರುಗಿದವು.

"ಏನವಾ, ಹನ್ನೆರಡಕ್ಕ ರೊಟ್ಟಿ ಸಿಗ್ತಾವಲ್ಲ?"

ನಾನು ತಲೆಯ ಮೇಲೆ ಸೆರಗು ಸರಿಮಾಡಿಕೊಂಡೆ. "ಮ್ಯಾಲಿನವರನ್ನ ಒಂದ್ ಮಾತ್ ಕೇಳಬೇಕ್ರಿ."

ಮೂವರೂ ನನ್ನ ಕಣ್ಣು ಹೋದ ಕಡೆ ನೋಡಿದರು. ನಳದ ಬುಡದಲ್ಲಿ ಬಕೆಟ್ ಬೋರಲು ಹಾಕಿ ನಮ್ಮ ಅತ್ತಿ ಕೂತಿದ್ದರು. ಮೊದಲ ಕೊಡ ನಳದ ಕೆಳಗೆ, ಅದರ ಹಿಂದೆ ಸಾಲಾಗಿ ಹನ್ನೊಂದು. ಅತ್ತಿ ತಲೆಯನ್ನೂ ಎತ್ತಲಿಲ್ಲ.

"ಮೊದ್ಲ ಇವಿಷ್ಟು ತುಂಬ್ಲಿ. ಆಮ್ಯಾಲೆ ವಿಚಾರ ಮಾಡೂಣು."