ಅಮೃತಾಪುರದ ಗಟ್ಟಿ ಗಂಟಲಿನ ವಾರ್ತಾವಾಚಕಿಗೆ

ಟಿ.ವಿ.ಯಲ್ಲಿ ಕನ್ನಡ ವಾರ್ತೆ ಓದುವ ಮಾನ್ಯ ಮಲ್ಲಿಕಾಂಬ ಅವರ ಸನ್ನಿಧಾನಕ್ಕೆ ಅಜ್ಜಂಪುರದ ಓಂಕಾರಮೂರ್ತಿ ಮಾಡುವ ಅನಂತ ನಮಸ್ಕಾರಗಳು. ತಾವು ದಿನಾ ಸಂಜೆ ನಮಗೆ ಕೈಮುಗಿಯುತ್ತೀರಿ. ನಾವೆಲ್ಲ ತಿರುಗಿ ಕೈಮುಗಿಯುವುದು ತಮಗೆ ತಲುಪುತ್ತಿರಲಾರದೆಂದು ಈ ಪತ್ರ.

ಮಾನ್ಯರೇ, ಕೆಲವು ವರ್ಷಗಳ ಹಿಂದೆ ಅಮೃತಾಪುರದ ತಮ್ಮ ಮನೆಗೆ ಹೆಣ್ಣು ನೋಡಲು ಬಂದು, ಕೇಸರಿಬಾತು ತಿಂದು ಹೋದ ವರ ನಾನೇ. ಹಾಡು ಬರುವುದಿಲ್ಲವೆಂದು ತಾವು ನೇರವಾಗಿ ಹೇಳಿದ್ದರಿಂದ ನಮ್ಮ ದೊಡ್ಡಪ್ಪ ಗಂಗಾಧರಯ್ಯನವರು, ಹಾಗಾದರೆ ಪೇಪರನ್ನಾದರೂ ಓದಲಿ ಎಂದರು. ತಾವು ಕೊಬ್ಬರಿ ಧಾರಣೆಯಿಂದ ಹಿಡಿದು ಮಂತ್ರಿಗಳ ವಿದೇಶ ಪ್ರವಾಸದವರೆಗೆ ಎಲ್ಲೂ ತಡವರಿಸದೆ, ನಡುನಡುವೆ ತಲೆಯೆತ್ತಿ ನಮ್ಮನ್ನು ನೋಡುತ್ತಾ ಓದಿದಿರಿ. ನನಗೆ ಒಪ್ಪಿಗೆಯಾಗಿತ್ತು, ಹಾಗೆಂದು ನಮ್ಮವರಿಗೆ ಹೇಳಿಯೂ ಇದ್ದೆ. ಆದರೆ ಬಸ್ಸಿನಲ್ಲಿ ದೊಡ್ಡಪ್ಪನವರು, "ಪೇಪರ್ನೇ ಇಷ್ಟು ಗಟ್ಟಿಯಾಗಿ ಓದ್ತಾಳೆ, ನಾಳೆ ಮನೇಲಿ ಮಾತಾಡಿದ್ರೆ ಊರಿಗೇ ಕೇಳುತ್ತೆ ಕಣೋ" ಎಂದು ತೀರ್ಪು ಕೊಟ್ಟರು.

ಈಗ ತಾವು ರಾಜ್ಯಕ್ಕೇ ಕೇಳಿಸುತ್ತಿದ್ದೀರಿ. ಅದೇ ದೊಡ್ಡಪ್ಪನವರು ವಾರ್ತೆಯ ಹೊತ್ತಿಗೆ ಟಿ.ವಿ. ಮುಂದೆ ಕೂತು, "ಇನ್ನೊಂಚೂರು ಜೋರು ಮಾಡ್ರೋ" ಎಂದು ಅಪ್ಪಣೆ ಕೊಡುತ್ತಾರೆ. ನೋಡಲು ಬಂದ ಬೀದಿಯವರಿಗೆಲ್ಲ, "ಈ ಹುಡುಗಿ ಹತ್ರ ಮೊದಲು ಪೇಪರ್ ಓದ್ಸಿದ್ದೇ ನಾನು ಕಣ್ರೀ" ಎನ್ನುತ್ತಾರೆ. ತಮ್ಮ ಏಳಿಗೆಯಲ್ಲಿ ನಮ್ಮ ಮನೆತನದ ಪಾಲು ಇಷ್ಟು ದೊಡ್ಡದೆಂದು ತಿಳಿದು ನಾವು ಧನ್ಯರಾಗಿದ್ದೇವೆ.

ಧನ್ಯರಾದದ್ದೇನೋ ಸರಿ, ನನ್ನ ಮದುವೆ ಮಾತ್ರ ನಿಂತುಹೋಗಿದೆ. ತರೀಕೆರೆಯ ಹುಡುಗಿ ಮೆತ್ತಗೆ ಮಾತಾಡುತ್ತಾಳೆಂದೂ, ಬೀರೂರಿನವಳು ನೆಲ ನೋಡುತ್ತಾಳೆಂದೂ ನಮ್ಮ ತಾಯಿ ವಿಶಾಲಾಕ್ಷಮ್ಮನವರು ಬೇಡವೆಂದರು. "ಟಿ.ವಿ.ಯವಳು ನೋಡು, ಹೆಂಗೆ ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ತಾಳೆ" ಎಂಬ ಅಳತೆಗೆ ನಮ್ಮ ಸೀಮೆಯ ಯಾವ ಹೆಣ್ಣೂ ನಿಲ್ಲುತ್ತಿಲ್ಲ. ನನಗೆ ಮೂವತ್ತು ದಾಟಿತು, ನೆತ್ತಿ ತೆಳುವಾಗುತ್ತಿದೆ. ನಿಜ ಹೇಳಬೇಕೆಂದರೆ ಆ ಹುಡುಗಿಯರ ಮುಖ ನನಗೂ ನೆನಪಿನಲ್ಲಿ ಉಳಿಯುತ್ತಿಲ್ಲ.

ಆದ್ದರಿಂದ ತಾವು ದಯಮಾಡಿ ವಾರಕ್ಕೊಮ್ಮೆಯಾದರೂ ತೊದಲಬೇಕು. ಮಂತ್ರಿಗಳ ಹೆಸರು ತಪ್ಪಬೇಕು, ಕೆಮ್ಮಬೇಕು, ಸಾಧ್ಯವಾದರೆ ಹವಾಮಾನ ಓದುವಾಗ ನಾಚಿ ತಲೆ ತಗ್ಗಿಸಬೇಕು. ಇದಾವುದೂ ತಮ್ಮ ನೌಕರಿಯ ನಿಯಮಕ್ಕೆ ಒಗ್ಗದಿದ್ದರೆ, ನಮ್ಮ ಮನೆಯ ಕಡೆಗೆ ಮಾತ್ರ ನೋಡದಂತೆ ಓದುವ ಏರ್ಪಾಡು ಮಾಡಿಕೊಳ್ಳಬೇಕಾಗಿ ಬೇಡಿಕೊಳ್ಳುತ್ತೇನೆ.

ಇಂತಿ, ಪ್ರತಿ ಸಂಜೆ ತಮ್ಮೆದುರು ತೆಪ್ಪಗೆ ಕೂರುವ
ತಮ್ಮ ವಿಶ್ವಾಸಿ,
ಓಂಕಾರಮೂರ್ತಿ
ಅಜ್ಜಂಪುರ, 1988

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಇಂದಿನ ವಾರ್ತೆ ಬಂತು. ತಮ್ಮ ಕೊರಳಿನ ಹೊಸ ತಾಳಿ ಮೊದಲು ಕಂಡದ್ದು ನಮ್ಮ ತಾಯಿಗೆ. ದೊಡ್ಡಪ್ಪ ಎದ್ದು ಹೋದರು. "ಊರವರ ಸುದ್ದಿಯೆಲ್ಲಾ ಓದ್ತಾಳೆ, ಇದೊಂದನ್ನ ಯಾಕೆ ಓದ್ಲಿಲ್ಲ?" ಎಂದು ತಾಯಿ ನನ್ನನ್ನೇ ಕೇಳುತ್ತಿದ್ದಾರೆ. ಮುಖ್ಯಾಂಶಗಳಲ್ಲಿ ಬೇಡ, ಆಟೋಟದ ಸುದ್ದಿ ಮುಗಿದ ಮೇಲೆ ಹೇಳಿದ್ದರೂ ಸಾಕಾಗಿತ್ತು. ಅಲ್ಲಿಯವರೆಗೆ ಕೂತು ಕೇಳುವವನು ಈ ಮನೆಯಲ್ಲಿ ನಾನೊಬ್ಬನೇ.