ಹಾಲು ಉಕ್ಕಿದ ದಿನದ ಸುಖ

ಯಾರಾದರೂ ‘ಹೆಂಗದೀರಿ?’ ಎಂದರೆ ನಾನು ‘ಆರಾಮ’ ಎಂದುಬಿಡುವವನು. ಆ ಆರಾಮ ಈ ಹೊತ್ತಿನದೋ, ಇಡೀ ಬಾಳಿನದೋ ಎಂದು ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ, ನಾದಿನಿ ಸುಜಾತಾ ರಾಯಬಾಗದಿಂದ ಅಥಣಿಯ ನಮ್ಮ ಮನೆಗೆ ಬರುವವರೆಗೆ. ನಿಪ್ಪಾಣಿಯ ವರನೊಬ್ಬ ಅವಳನ್ನು ಒಪ್ಪಿದ್ದ. ಇವಳು ಇನ್ನೂ ಹೂಂ ಅಂದಿರಲಿಲ್ಲ.

ಭಾನುವಾರ ಮಧ್ಯಾಹ್ನ. ಬದನೆಕಾಯಿ ಎಣಗಾಯಿ, ರೊಟ್ಟಿ ಉಂಡು ಪಡಸಾಲೆಯಲ್ಲಿ ಒರಗಿದ್ದೆ. ಬೇವಿನ ನೆರಳು ಗೋಡೆಯ ಮೇಲೆ ನೀರಿನಂತೆ ಆಡುತ್ತಿತ್ತು. ಅರೆನಿದ್ದೆಯಲ್ಲಿ ಒಳಗಿನ ಮಾತು ಎಲ್ಲೋ ದೂರದಿಂದೆಂಬಂತೆ ತೇಲಿ ಬಂತು.

“ಅಕ್ಕಾ, ಖರೇ ಹೇಳು. ಮಾಮಾನ ಜೋಡಿ ಸುಖದಾಗ ಅದೀಯೇನ?”

“ಇವತ್ತ ಕೇಳಬ್ಯಾಡ,” ಅಂದಳು ನನ್ನ ಹೆಂಡತಿ ಮಹಾದೇವಿ. “ಹಾಲ ನೋಡ್ಕೋರಿ ಅಂದ್ರ, ಉಕ್ಕೂದನ್ನ ನೋಡ್ಕೋಂತ ನಿಂತಿದ್ರು.”

“ನಿನ್ನೆ?”

“ನಿನ್ನೇನೂ ತಲಿ ಕೆಟ್ಟಿತ್ತು.”

“ಮತ್ತ ಒಟ್ಟಾರೆ?”

“ಒಟ್ಟಾರೆ ಭಾಳ ಸುಖದಾಗ ಅದೀನಿ. ಹೆಂಗಂತ ಕೇಳಬ್ಯಾಡ. ಅವರು ಬರೂದು ಚೂರು ತಡಾ ಆದ್ರ ನನಗ ಕೈಕಾಲ ಆಡೂದಿಲ್ಲ.”

ಸುಜಾತಾ ನೇರವಾಗಿ ಹೊರಗೆ ಬಂದು ನನ್ನನ್ನೂ ಅದನ್ನೇ ಕೇಳಿದಳು. ಈವತ್ತು? ಬಹಳ ಸುಖ. ನಿನ್ನೆ? ಹಾಗೇ. ಒಟ್ಟಾರೆ? ಸಿಗದ ಬಡ್ತಿ, ಕಟ್ಟದ ಮನೆ ಎಲ್ಲ ನೆನಪಾಗಿ, “ಒಟ್ಟಾರೆ ಏನೂ ದಕ್ಕಲಿಲ್ಲ ನೋಡವ್ವಾ” ಎಂದು ನಿಟ್ಟುಸಿರಿಟ್ಟೆ. ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು.

“ಅಂದ್ರ ದಿನದ ಸುಖಾ ಎಲ್ಲಾ ನೀವ ತಗೊಂಡು, ತಾಪತ್ರಯ ಅಕ್ಕಗ ಬಿಟ್ಟೀರಿ. ಆದ್ರೂ ಒಟ್ಟಾರೆ ಅಕೀನ ಸುಖದಾಗ ಅದಾಳ!” ಎಂದಳು ಸುಜಾತಾ. ಸಂಜೆ ಆ ವರನಿಗೆ ಫೋನು ಹಚ್ಚಿ, ಮನೆಗೆಲಸದಲ್ಲಿ ಅರ್ಧ ಪಾಲು ಅವನದೆಂದು ಒಪ್ಪಿಸಿಯೇ ಹೂಂ ಅಂದಳು.

ಮಹಾದೇವಿ ಮಾತ್ರ ಮಾತು ಬಿಟ್ಟಳು. ನಾನು ಕೊರಗಿದ್ದು ಬಡ್ತಿಗೆ. ಅವಳಿಗೆ ಕೇಳಿಸಿದ್ದು ‘ಏನೂ ದಕ್ಕಲಿಲ್ಲ’ ಎಂಬುದಷ್ಟೇ. ಮರುದಿನ ಅವಳಿಗಿಂತ ಮುಂಚೆ ಎದ್ದು ಚಹಾ ಮಾಡಿಕೊಟ್ಟೆ. “ನಿನ್ನೆ ತಪ್ಪು ಹೇಳಿದೆ. ನೀನೊಬ್ಬಾಕಿ ದಕ್ಕೀಯಲ್ಲ,” ಅಂದೆ.

“ಸಕ್ಕರಿ ಹಾಕಿಲ್ಲ,” ಅಂದಳು. ಆದರೆ ಲೋಟ ಹಿಡಿದು ಪಕ್ಕದಲ್ಲೇ ಕುಳಿತಳು. ಬೆಳಗಿನ ಮಂಜಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಕನಸಿನಂತೆ ಸಾಗುತ್ತಿದ್ದವು. ಇಡೀ ಬಾಳೇ ಚೆನ್ನಾಗಿದೆ ಎಂದು ಆಗಷ್ಟೇ ಅನ್ನಿಸತೊಡಗಿತ್ತು.

“ಸಕ್ಕರಿ ಇಲ್ಲದಿದ್ರೂ ಚಹಾ ಛಲೋ ಆಗೇತಿ. ನಾಳಿಂದ ದಿನಾ ನೀವ ಮಾಡ್ರಿ,” ಅಂದಳು.

ನನ್ನ ‘ಒಟ್ಟಾರೆ’ ಸುಧಾರಿಸಿತು, ನಿಜ. ಬೆಳಗಿನ ನಿದ್ದೆ ಮಾತ್ರ ಅಲ್ಲಿಗೇ ಮುಗಿಯಿತು.